ಸಾಲ ಹೊಲದ ಮೇಲೆ, ಸಿಟ್ಟು ಮಕ್ಕಳ ಮೇಲೆ: ಅಯೋವಾದ 451 ಮನೆಗಳ ಪ್ರಕರಣ

ಮಕ್ಕಳನ್ನು ಬೆಳೆಸುವ ರೀತಿಯ ಮಾತು ಬಂದಾಗ ನಾವು ಎಲ್ಲವನ್ನೂ ಸ್ವಭಾವದ ತಲೆಗೆ ಕಟ್ಟಿಬಿಡುತ್ತೇವೆ. ‘ಅವರಪ್ಪ ಮೊದಲಿಂದಲೂ ಸಿಡುಕ’, ‘ಅವರಮ್ಮನಿಗೆ ಮಗನನ್ನು ಬೈಯೋಕೇ ಬರಲ್ಲ’ ಅಂತ. ಆದರೆ ಅದೇ ಅಪ್ಪ ಮಳೆ-ಬೆಳೆ ಚೆನ್ನಾಗಿದ್ದ ವರ್ಷ ಹೇಗಿದ್ದ, ಬ್ಯಾಂಕಿನ ನೋಟಿಸು ಬಂದ ವರ್ಷ ಹೇಗಿದ್ದ ಅಂತ ಪಕ್ಕಪಕ್ಕ ಇಟ್ಟು ನೋಡುವವರು ಕಡಿಮೆ.

ಹಾಗೆ ನೋಡಿದ ಒಂದು ದೊಡ್ಡ ಪ್ರಕರಣ ಅಮೆರಿಕದ ಅಯೋವಾ ರಾಜ್ಯದ್ದು. 1980ರ ದಶಕದಲ್ಲಿ ಅಲ್ಲಿನ ರೈತರು ಸಾಲದಲ್ಲಿ ಮುಳುಗಿದರು. 1989ರಲ್ಲಿ ಸಂಶೋಧಕರು ಆ ರಾಜ್ಯದ ಹಳ್ಳಿಗಾಡಿನ 451 ಮನೆಗಳಿಗೆ ಹೋದರು. ಆಗ ಏಳನೇ ಕ್ಲಾಸಿನಲ್ಲಿದ್ದ ಮಕ್ಕಳನ್ನು ಅವರು ದೊಡ್ಡವರಾಗಿ, ಅವರಿಗೇ ಮಕ್ಕಳಾಗುವವರೆಗೂ ಬಿಡದೆ ಗಮನಿಸಿದ್ದಾರೆ. ದುಡ್ಡಿನ ಕಷ್ಟ ಮನೆಯ ಯಾವ ಬಾಗಿಲಿಂದ ಒಳಗೆ ಬಂದು ಮಕ್ಕಳನ್ನು ಮುಟ್ಟುತ್ತದೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಕೆಲಸ ತುಂಬಾ ಅಪರೂಪ. ನಮ್ಮಂಥ ಊರಿನವರು ಇದನ್ನು ಓದಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಸಾಲ ಬಂದದ್ದು ಹೇಗೆ

ಅಯೋವಾ ಅಂದರೆ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ, ಸೋಯಾ, ಜೊತೆಗೆ ಹಂದಿ ಸಾಕಣೆ. 1972ರಲ್ಲಿ ಸೋವಿಯತ್ ಒಕ್ಕೂಟ ಅಮೆರಿಕದಿಂದ ಭಾರೀ ಪ್ರಮಾಣದಲ್ಲಿ ಧಾನ್ಯ ಕೊಂಡಿತು. ಬೆಲೆ ಏರಿತು. ಬೇಲಿಯಿಂದ ಬೇಲಿಯವರೆಗೂ ಬಿತ್ತಿ ಎಂದು ಆಗಿನ ಕೃಷಿ ಸಚಿವ ಅರ್ಲ್ ಬಟ್ಜ್ ರೈತರನ್ನು ಹುರಿದುಂಬಿಸಿದರು. ರೈತರು ಇನ್ನಷ್ಟು ಭೂಮಿ ಕೊಂಡರು, ದೊಡ್ಡ ಟ್ರ್ಯಾಕ್ಟರ್ ತಂದರು. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಸಮೀಕ್ಷೆಯ ಪ್ರಕಾರ 1970ರಲ್ಲಿ ಎಕರೆಗೆ ಸರಾಸರಿ 419 ಡಾಲರ್ ಇದ್ದ ಜಮೀನು 1981ರಲ್ಲಿ 2,147 ಡಾಲರ್ ಆಯಿತು. ಬ್ಯಾಂಕುಗಳು ಆ ಬೆಲೆ ನೋಡಿಯೇ ಸಾಲ ಕೊಟ್ಟವು.

ಅಷ್ಟರಲ್ಲೇ ಗಾಳಿ ತಿರುಗಿತ್ತು. 1979ರ ಅಕ್ಟೋಬರಿನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಪಾಲ್ ವೋಲ್ಕರ್ ಬೆಲೆಯೇರಿಕೆ ತಡೆಯಲು ಹಣದ ಹರಿವನ್ನು ಬಿಗಿ ಮಾಡಿದರು. 1980ರ ಡಿಸೆಂಬರಿನ ಹೊತ್ತಿಗೆ ದೊಡ್ಡ ಬ್ಯಾಂಕುಗಳ ಬಡ್ಡಿ ದರ ಶೇ. 21.5ಕ್ಕೆ ಹೋಯಿತು. ಅದೇ ವರ್ಷದ ಜನವರಿಯಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್, ಅಫ್ಘಾನಿಸ್ತಾನಕ್ಕೆ ಸೇನೆ ಕಳಿಸಿದ್ದ ಸೋವಿಯತ್ತಿಗೆ ಧಾನ್ಯ ಮಾರುವುದನ್ನು ನಿಲ್ಲಿಸಿದ್ದರು. ಬೆಳೆಗೆ ಬೆಲೆ ಇಲ್ಲ, ಸಾಲಕ್ಕೆ ಬಡ್ಡಿ ವಿಪರೀತ. 1986ರಲ್ಲಿ ಅದೇ ಸಮೀಕ್ಷೆಯಲ್ಲಿ ಎಕರೆಯ ಬೆಲೆ 787 ಡಾಲರ್.

ಈ ಅಂಕಿಯನ್ನು ಒಂದು ಮನೆಯ ಲೆಕ್ಕಕ್ಕೆ ಇಳಿಸಿ ನೋಡಿ. ಒಬ್ಬ ರೈತ 1981ರಲ್ಲಿ ಸರಾಸರಿ ಬೆಲೆಗೆ 160 ಎಕರೆ ಕೊಂಡಿದ್ದ ಅಂದುಕೊಳ್ಳಿ. ಅದರ ಬೆಲೆ 3,43,520 ಡಾಲರ್. ಐದು ವರ್ಷದ ನಂತರ ಅದೇ ಹೊಲ ಮಾರಿದರೆ ಕೈಗೆ ಬರೋದು 1,25,920 ಡಾಲರ್. ಭೂಮಿ ಅಷ್ಟೇ ಇದೆ, ಮಣ್ಣು ಅದೇ. ಆತ ಒಂದು ದಿನವೂ ಸೋಮಾರಿಯಾಗಿ ಕೂತಿಲ್ಲ. ಆದರೂ ಹೊಲ ಪೂರ್ತಿ ಮಾರಿದರೂ ಸಾಲ ತೀರದ ಸ್ಥಿತಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು ಅಂತ ಆಮೇಲೆ ಹೇಳೋದು ಸುಲಭ. ಹಾಸಿಗೆ ಉದ್ದ ಇದೆ ಅಂತ ಸರ್ಕಾರವೂ ಬ್ಯಾಂಕೂ ಹೇಳಿದ್ದವು ಅನ್ನೋದನ್ನು ಮರೆಯಬಾರದು.

ಆಮೇಲೆ ಹರಾಜುಗಳು ಶುರುವಾದವು. ಅಂಗಳದಲ್ಲಿ ಟ್ರ್ಯಾಕ್ಟರು, ನೇಗಿಲು, ಬಿತ್ತುವ ಯಂತ್ರ ಸಾಲಾಗಿ ನಿಲ್ಲಿಸಿ, ಅಕ್ಕಪಕ್ಕದವರ ಮುಂದೆಯೇ ಬೆಲೆ ಕೂಗುತ್ತಿದ್ದರು. ಕಳೆದುಹೋದ ಹೊಲಗಳ ನೆನಪಿಗೆ ರೈತರು ಕೋರ್ಟುಗಳ ಮುಂದಿನ ಹುಲ್ಲಿನಲ್ಲಿ ಬಿಳಿ ಶಿಲುಬೆಗಳನ್ನು ನೆಟ್ಟು ಪ್ರತಿಭಟಿಸಿದರು. 1985ರ ಅಕ್ಟೋಬರ್ 1ರಂದು ರಾಜ್ಯಪಾಲ ಟೆರಿ ಬ್ರಾನ್‌ಸ್ಟಡ್ ಸಾಲಕ್ಕೆ ಹೊಲ ಜಪ್ತಿ ಮಾಡುವುದಕ್ಕೆ ತಾತ್ಕಾಲಿಕ ತಡೆ ತಂದರು. ಅದೇ ವರ್ಷದ ಡಿಸೆಂಬರ್ 9ರಂದು ಹಿಲ್ಸ್ ಎಂಬ ಸಣ್ಣ ಊರಿನ ಹತ್ತಿರದ ಒಬ್ಬ ರೈತ ಹೆಂಡತಿಯನ್ನೂ ಬ್ಯಾಂಕಿನ ಮುಖ್ಯಸ್ಥನನ್ನೂ ನೆರೆಯವನನ್ನೂ ಕೊಂದು, ತಾನೂ ಗುಂಡು ಹಾರಿಸಿಕೊಂಡ. ಇಡೀ ದೇಶ ಬೆಚ್ಚಿಬಿತ್ತು.

ಇದು ಪೇಪರಿಗೆ ಬಂದ ಸುದ್ದಿ. ಪೇಪರಿಗೆ ಬಾರದ ಸಾವಿರಾರು ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಏನಾಗುತ್ತಿತ್ತು? ಸಂಶೋಧಕರಿಗೆ ಬೇಕಿದ್ದದ್ದು ಅದು.

ಮೇಜಿನ ಸುತ್ತ ನಾಲ್ವರು

ಈ ಕೆಲಸದ ಮುಂದಾಳುಗಳು ಇಬ್ಬರು. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ರ‍್ಯಾಂಡ್ ಕಾಂಗರ್, ನಾರ್ತ್ ಕ್ಯಾರೊಲಿನಾದ ಗ್ಲೆನ್ ಎಲ್ಡರ್. 1930ರ ದಶಕದ ಆರ್ಥಿಕ ಮಹಾ ಕುಸಿತದಲ್ಲಿ ಬೆಳೆದ ಕ್ಯಾಲಿಫೋರ್ನಿಯಾದ ಮಕ್ಕಳ ಬಗ್ಗೆ ಎಲ್ಡರ್ ಅದಕ್ಕೂ ಮುಂಚೆಯೇ ಕೆಲಸ ಮಾಡಿದ್ದರು. ಗಳಿಕೆ ಬಿದ್ದುಹೋದ ಮನೆಗಳಲ್ಲಿ ಅಪ್ಪಂದಿರ ಸಿಡುಕು ಹೆಚ್ಚಾಗುತ್ತದೆ, ಮಕ್ಕಳಿಗೆ ಪೆಟ್ಟು ಬೀಳೋದು ಆ ಸಿಡುಕಿನ ಮೂಲಕ ಅಂತ ಅವರಿಗೆ ಅಲ್ಲಿ ಕಂಡಿತ್ತು. ಅದು ಹಳೆಯ ದಾಖಲೆ ತೆಗೆದು ನೋಡಿದ್ದು. ಈ ಸಲ ಕಷ್ಟ ಇನ್ನೂ ಹಸಿಯಾಗಿರುವಾಗಲೇ ಮನೆಗೆ ಹೋಗಿ ನೋಡುವ ಅವಕಾಶ ಸಿಕ್ಕಿತು.

ಅಯೋವಾದ ಉತ್ತರ-ಮಧ್ಯ ಭಾಗದ ಎಂಟು ಕೌಂಟಿಗಳಿಂದ (ನಮ್ಮ ಜಿಲ್ಲೆಗಳ ಹಾಗೆ) ಕುಟುಂಬಗಳನ್ನು ಆರಿಸಿದರು. ಪ್ರತಿ ಮನೆಯಲ್ಲೂ ಅಪ್ಪ, ಅಮ್ಮ, ಏಳನೇ ಕ್ಲಾಸಿನ ಒಂದು ಮಗು, ಹೆಚ್ಚುಕಡಿಮೆ ಅದೇ ವಯಸ್ಸಿನ ಇನ್ನೊಂದು ಮಗು ಇರಬೇಕಿತ್ತು. ಎಲ್ಲರೂ ರೈತರಲ್ಲ. ಪೂರ್ತಿ ಬೇಸಾಯದಲ್ಲಿದ್ದವರು, ಬೇಸಾಯದ ಜೊತೆ ಬೇರೆ ಕೆಲಸಕ್ಕೂ ಹೋಗುತ್ತಿದ್ದವರು, ಹೊಲ ಕಳೆದುಕೊಂಡವರು, ಹಳ್ಳಿಯಲ್ಲೇ ಬೇರೆ ಉದ್ಯೋಗದಲ್ಲಿದ್ದವರು, ಎಲ್ಲ ಇದ್ದರು. ಹೊಲ ಕುಸಿದರೆ ಊರಿನ ಅಂಗಡಿ, ಗ್ಯಾರೇಜು, ಬ್ಯಾಂಕು ಕೂಡ ಕುಸಿಯುತ್ತವಲ್ವಾ.

ನನಗೆ ತುಂಬಾ ಹಿಡಿಸಿದ್ದು ಅವರು ನೋಡಿದ ರೀತಿ. ಪ್ರಶ್ನೆಪತ್ರಿಕೆ ಕೊಟ್ಟು ‘ನೀವು ಮಕ್ಕಳ ಹತ್ತಿರ ಪ್ರೀತಿಯಿಂದ ಇರುತ್ತೀರಾ’ ಅಂತ ಕೇಳಿದರೆ ‘ಇಲ್ಲ’ ಅನ್ನುವ ಅಪ್ಪ-ಅಮ್ಮ ಯಾರು? ಹಾಗಾಗಿ ಪ್ರಶ್ನೆಗಳ ಜೊತೆಗೆ ಇನ್ನೊಂದು ಕೆಲಸ ಮಾಡಿದರು. ಮನೆಗೆ ಹೋಗಿ, ನಾಲ್ವರನ್ನೂ ಮೇಜಿನ ಸುತ್ತ ಕೂರಿಸಿ, ಕ್ಯಾಮೆರಾ ಇಟ್ಟು, ಒಂದು ಕಟ್ಟು ಕಾರ್ಡು ಕೊಟ್ಟು, ತಾವು ಎದ್ದು ಇನ್ನೊಂದು ಕೋಣೆಗೆ ಹೋದರು. ಕಾರ್ಡಿನಲ್ಲಿ ಮನೆಯ ಮಾತುಗಳೇ: ಓದು ಹೇಗೆ ನಡೀತಿದೆ, ಮನೆಗೆಲಸ ಯಾರು ಮಾಡ್ತಾರೆ, ಈ ಥರದ್ದು. 35 ನಿಮಿಷ ಮಾತಾಡಬೇಕು. ಆಮೇಲೆ ಮನೆಯಲ್ಲಿ ಪದೇಪದೇ ಜಗಳವಾಗುವ ಒಂದು ವಿಷಯ ತಗೊಂಡು 15 ನಿಮಿಷ ಅದಕ್ಕೆ ದಾರಿ ಹುಡುಕಬೇಕು. ಗಂಡ-ಹೆಂಡತಿ ಇಬ್ಬರೇ ಕೂತು ಮಾತಾಡುವ ಸುತ್ತು ಬೇರೆ.

ತರಬೇತಿ ಪಡೆದವರು ಆ ವಿಡಿಯೊಗಳನ್ನು ನೋಡಿ ಅಂಕ ಹಾಕಿದರು. ಯಾರು ಯಾರ ಮಾತನ್ನು ಮಧ್ಯದಲ್ಲೇ ಕತ್ತರಿಸಿದರು, ಯಾರ ದನಿಯಲ್ಲಿ ಚುಚ್ಚುವಿಕೆ ಇತ್ತು, ಮಗ ಮಾತಾಡುವಾಗ ಅಪ್ಪ ಮುಖ ನೋಡಿದನಾ ಕಿಟಕಿ ನೋಡಿದನಾ, ಅಮ್ಮ ನಕ್ಕಳಾ, ಯಾರು ಯಾರಿಗೆ ಹೂಂಗುಟ್ಟಿದರು. ಇಂಥ ಸಣ್ಣಪುಟ್ಟದ್ದೇ ಲೆಕ್ಕ. ಮಕ್ಕಳು ದಿನಾ ನೋಡೋದೂ ಇದನ್ನೇ ಅಲ್ವಾ? ಅಪ್ಪನ ಪಾಸ್‌ಬುಕ್ಕು ಮಕ್ಕಳಿಗೆ ಕಾಣಲ್ಲ, ಅಪ್ಪನ ಮುಖ ಕಾಣುತ್ತದೆ.

ಕೊಂಡಿಗೆ ಕೊಂಡಿ

ಅವರಿಗೆ ಸಿಕ್ಕಿದ್ದು ಒಂದು ಸರಪಳಿ. ಸಾಲ ಇದೆ, ಗಳಿಕೆ ಬಿದ್ದಿದೆ ಅನ್ನೋದೇ ಮಕ್ಕಳನ್ನು ನೇರವಾಗಿ ಕೆಡಿಸಲಿಲ್ಲ. ಮೊದಲು ಅದು ದಿನದಿನದ ಒತ್ತಡವಾಗುತ್ತದೆ. ಬಿಲ್ಲು ಕಟ್ಟೋಕಾಗಲ್ಲ. ಬೇಕಾದ ಬಟ್ಟೆ ತಗೊಳ್ಳೋಕಾಗಲ್ಲ. ಡಾಕ್ಟರ ಹತ್ತಿರ ಹೋಗೋದು ಮುಂದಕ್ಕೆ ಹೋಗುತ್ತದೆ. ಈ ದಿನನಿತ್ಯದ ಹಿಂಡುವಿಕೆ ಅಪ್ಪ-ಅಮ್ಮನ ಮನಸ್ಸನ್ನು ಕುಗ್ಗಿಸುತ್ತದೆ, ಸಿಟ್ಟು ತರುತ್ತದೆ. ಮನಸ್ಸು ಕುಗ್ಗಿದ ಇಬ್ಬರು ಒಬ್ಬರ ಮೇಲೊಬ್ಬರು ಹರಿಹಾಯುತ್ತಾರೆ, ಅದರಲ್ಲೂ ದುಡ್ಡಿನ ವಿಷಯಕ್ಕೆ. ಆಮೇಲೆ ಆ ಕಹಿ ಮಕ್ಕಳ ಕಡೆ ತಿರುಗುತ್ತದೆ. ಮಕ್ಕಳಲ್ಲಿ ಮಂಕು, ಹಟ, ಪುಂಡಾಟ, ಓದಿನಲ್ಲಿ ಹಿಂದೆ ಬೀಳೋದು ಶುರುವಾಗುತ್ತದೆ. ಗಂಡುಮಕ್ಕಳ ಬಗ್ಗೆ 1992ರಲ್ಲಿ, ಹೆಣ್ಣುಮಕ್ಕಳ ಬಗ್ಗೆ 1993ರಲ್ಲಿ ಪ್ರಬಂಧಗಳು ಬಂದವು. ಎರಡರಲ್ಲೂ ಹಾದಿ ಹೆಚ್ಚುಕಡಿಮೆ ಒಂದೇ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತ ನಮ್ಮಲ್ಲಿ ಹೇಳೋದನ್ನೇ ಇವರು ಕ್ಯಾಮೆರಾ ಇಟ್ಟು ಅಳೆದರು ಅನ್ನಬಹುದು. ಆದರೆ ಗಾದೆ ಹೇಳದ ಒಂದು ವಿಷಯ ಇಲ್ಲಿದೆ: ಆ ಜಗಳದ ಹಿಂದೆ ಏನಿತ್ತು ಅನ್ನೋದು. 1990ರಲ್ಲೇ ಕಾಂಗರ್ ತಂಡ ಕೆಲವು ದಂಪತಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ದುಡ್ಡಿನ ಒತ್ತಡ ಹೆಚ್ಚಾದಾಗ ಗಂಡಸರ ಕಟುಮಾತು ಜಾಸ್ತಿಯಾಗುವುದೂ ಅಕ್ಕರೆ ಕಡಿಮೆಯಾಗುವುದೂ ಎದ್ದು ಕಂಡಿತ್ತು. ಗಂಡಸಿಗೆ ಗಳಿಕೆಯೇ ಮರ್ಯಾದೆ ಅಂತ ಕಲಿಸಿದ ಯಾವ ಊರಲ್ಲೂ ಇದು ಆಶ್ಚರ್ಯದ ಮಾತಲ್ಲ. 1994ರ ಇನ್ನೊಂದು ಪ್ರಬಂಧ ಅಪ್ಪ-ಅಮ್ಮ ಮತ್ತು ಮಕ್ಕಳ ನಡುವಿನ ದುಡ್ಡಿನ ಜಗಳವನ್ನೇ ಹಿಡಿದು ತೋರಿಸಿತು. ಹದಿಮೂರರ ಮಗ ಶೂ ಬೇಕು ಅಂತ ಕೇಳುತ್ತಾನೆ. ಬೇರೆ ವರ್ಷವಾಗಿದ್ದರೆ ‘ಮುಂದಿನ ತಿಂಗಳು ನೋಡೋಣ’ ಅನ್ನುತ್ತಿದ್ದ ಅಪ್ಪ ಈ ವರ್ಷ ಕೂಗಾಡುತ್ತಾನೆ. ಶೂ ಕೇಳಿದ್ದೇ ತಪ್ಪಾಯಿತು ಅಂತ ಮಗ ಅಂದುಕೊಳ್ಳುತ್ತಾನೆ.

ಬೆಳೆಸುವ ರೀತಿಯ ಪ್ರಶ್ನೆ ಬರೋದು ಇಲ್ಲೇ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಮನೋವಿಜ್ಞಾನಿ ಡಯಾನಾ ಬಾಮ್‌ರಿಂಡ್ ಮಕ್ಕಳನ್ನು ಬೆಳೆಸುವ ಮೂರು ರೀತಿ ಗುರುತಿಸಿದ್ದರು. ನಾನು ಹೇಳಿದ್ದೇ ಕಡೆ ಅನ್ನುವವರು, ಕೇಳಿದ್ದಕ್ಕೆಲ್ಲ ಹೂಂ ಅನ್ನುವವರು, ಪ್ರೀತಿಯ ಜೊತೆಗೇ ಗೆರೆಯನ್ನೂ ಎಳೆದು ಯಾಕೆ ಅಂತ ಬಿಡಿಸಿ ಹೇಳುವವರು. 1983ರಲ್ಲಿ ಎಲೀನರ್ ಮ್ಯಾಕೊಬಿ ಮತ್ತು ಜಾನ್ ಮಾರ್ಟಿನ್ ನಾಲ್ಕನೆಯದನ್ನು ಸೇರಿಸಿದರು: ಮಕ್ಕಳ ಗೋಜಿಗೇ ಹೋಗದವರು. ಈ ನಾಲ್ಕನ್ನು ಓದಿದವರು ‘ನಾನು ಯಾವ ಥರ’ ಅಂತ ತಮ್ಮನ್ನು ಒಂದು ಡಬ್ಬಿಗೆ ಹಾಕಿಕೊಳ್ಳುತ್ತಾರೆ. ಅಯೋವಾದ ಮನೆಗಳನ್ನು ನೋಡಿದರೆ ಡಬ್ಬಿ ಅಷ್ಟು ಗಟ್ಟಿಯಿಲ್ಲ. ಒತ್ತಡ ಏರಿದಂತೆ ಬಿಡಿಸಿ ಹೇಳುವ ತಾಳ್ಮೆಯೇ ಮೊದಲು ಹೋಗುತ್ತದೆ. ಒಂದಿನ ಸಣ್ಣ ತಪ್ಪಿಗೆ ರಂಪ, ಇನ್ನೊಂದಿನ ದೊಡ್ಡ ತಪ್ಪಾದರೂ ‘ಏನಾದರೂ ಮಾಡ್ಕೋ ಹೋಗು’. ಗದರುವುದು ಮತ್ತು ಕೈಬಿಡುವುದು ಎರಡೂ ಒಂದೇ ಮನೆಯಲ್ಲಿ, ಒಂದೇ ವಾರದಲ್ಲಿ. ಮಗುವಿಗೆ ಹೆಚ್ಚು ಕಷ್ಟ ಆಗೋದು ಈ ಅಂದಾಜು ಸಿಗದಿರುವಿಕೆಯಿಂದ ಅಂತ ನನಗನ್ನಿಸುತ್ತದೆ. ಸದಾ ಗದರುವ ಅಪ್ಪನ ಜೊತೆ ಹೇಗಿರಬೇಕು ಅಂತ ಮಗು ಹೇಗೋ ಕಲಿತುಬಿಡಬಹುದು. ಇವತ್ತು ಯಾವ ಅಪ್ಪ ಮನೆಗೆ ಬರುತ್ತಾನೆ ಅಂತ ಗೊತ್ತಿಲ್ಲದಿದ್ದರೆ ಕಲಿಯೋದು ಹೇಗೆ?

ಒಡೆಯದೆ ಉಳಿದ ಮನೆಗಳು

ಈ ಪ್ರಕರಣದ ತಿರುಳು ಇಲ್ಲಿದೆ. ಸಾಲ ಅಷ್ಟೇ ಇದ್ದರೂ ಎಲ್ಲ ಮನೆಗಳೂ ಒಂದೇ ಥರ ಕುಸಿಯಲಿಲ್ಲ. ಯಾಕೆ?

ಒಂದು ಉತ್ತರ ಗಂಡ-ಹೆಂಡತಿಯ ನಡುವೆಯೇ ಸಿಕ್ಕಿತು. 1999ರಲ್ಲಿ ಕಾಂಗರ್, ಮಾರ್ಥಾ ರೂಟರ್ ಮತ್ತು ಎಲ್ಡರ್ ನಾನೂರಕ್ಕೂ ಹೆಚ್ಚು ದಂಪತಿಗಳನ್ನು ಮೂರು ವರ್ಷ ಹಿಂಬಾಲಿಸಿದ ಫಲಿತಾಂಶ ಕೊಟ್ಟರು. ಇಬ್ಬರೂ ಒಬ್ಬರಿಗೊಬ್ಬರು ಆಸರೆಯಾಗಿದ್ದ ಮನೆಗಳಲ್ಲಿ ದುಡ್ಡಿನ ಒತ್ತಡ ಮನಸ್ಸಿಗೆ ಅಷ್ಟಾಗಿ ಇಳಿಯಲಿಲ್ಲ. ಇನ್ನೊಂದು ಅಂಶ ನನಗೆ ಇನ್ನೂ ಮುಖ್ಯ. ಜಗಳವಾದರೂ ಕೂತು ದಾರಿ ಹುಡುಕಲು ಬರುತ್ತಿದ್ದ ದಂಪತಿಗಳಲ್ಲಿ ಆ ಜಗಳ ಸಂಸಾರವನ್ನು ಅಷ್ಟಾಗಿ ಹಾಳು ಮಾಡಲಿಲ್ಲ. ಅಂದರೆ ಜಗಳವೇ ಆಗಬಾರದು ಅಂತಲ್ಲ. ಸಾಲ ಇದ್ದ ಮನೆಯಲ್ಲಿ ಮಾತು ಬಿಸಿಯಾಗುತ್ತದೆ. ಆ ಮಾತು ‘ನಿನ್ನಿಂದಲೇ ಹೀಗಾಯ್ತು’ ಅನ್ನೋದರಲ್ಲಿ ನಿಲ್ಲುತ್ತದಾ, ‘ಈ ಕಂತಿಗೆ ಏನು ಮಾಡೋಣ’ ಅನ್ನೋದಕ್ಕೆ ದಾಟುತ್ತದಾ ಅನ್ನೋದೇ ವಿಷಯ. ಹಾಗೆ ದಾಟಿದ ಮನೆಯಲ್ಲಿ ಸಿಟ್ಟಿನ ಹೊಳೆ ಮಕ್ಕಳ ತನಕ ಹರಿಯುವ ಮುಂಚೆಯೇ ಒಂದು ಒಡ್ಡು ಸಿಕ್ಕಂತಾಯಿತು.

ಅಜ್ಜ-ಅಜ್ಜಿಯರ ಪಾತ್ರವೂ ಇದೆ. ಹೊಲದ ಕುಟುಂಬಗಳಲ್ಲಿ ಅಪ್ಪನ ಅಪ್ಪ-ಅಮ್ಮ ಹತ್ತಿರದಲ್ಲೇ ಇರುತ್ತಿದ್ದರು, ಮೊಮ್ಮಕ್ಕಳ ಜೊತೆ ಒಡನಾಟ ಜಾಸ್ತಿ. ಹೊಲದ ನಂಟು ಉಳಿದ ಮನೆಗಳ ಮಕ್ಕಳು ಓದಿನಲ್ಲೂ ನಡವಳಿಕೆಯಲ್ಲೂ ಚೆನ್ನಾಗಿ ಬಂದರು ಅಂತ ಎಲ್ಡರ್ ಮತ್ತು ಕಾಂಗರ್ 2000ದಲ್ಲಿ ಬರೆದರು. ಆ ಅಪ್ಪ-ಅಮ್ಮ ಶಾಲೆಯ ಸಭೆಗೆ, ಚರ್ಚಿಗೆ, ಊರಿನ ಕೆಲಸಕ್ಕೆ ಹೋಗುತ್ತಿದ್ದರು. ಮಕ್ಕಳು ಅಪ್ಪ-ಅಮ್ಮನ ಜೊತೆ ದುಡಿಯುತ್ತಿದ್ದರು. ಬೆಳಗ್ಗೆ ಎದ್ದು ಪ್ರಾಣಿಗಳಿಗೆ ಮೇವು-ನೀರು ಹಾಕೋದು ಮಗುವಿನ ಕೆಲಸ. ಅವನು ಹಾಕದಿದ್ದರೆ ಅವು ಹಸಿದೇ ಇರುತ್ತವೆ. ನನ್ನಿಂದ ಮನೆಗೆ ಉಪಯೋಗ ಇದೆ ಅಂತ ಮಗುವಿಗೆ ಗೊತ್ತಾಗಲು ಇದಕ್ಕಿಂತ ಬೇರೆ ಪಾಠ ಬೇಕಾ? ಶಾಲೆ ಬಿಡಿಸಿ ದುಡಿಸೋದನ್ನು ನಾನು ಹೇಳುತ್ತಿಲ್ಲ. ಅದು ಬೇರೆಯೇ ಮಾತು, ಅನ್ಯಾಯದ ಮಾತು.

ಕಷ್ಟವನ್ನು ಮನೆಯವರು ಹೇಗೆ ಅರ್ಥ ಮಾಡಿಕೊಂಡರು ಅನ್ನೋದು ಇನ್ನೊಂದು. ಇದರ ಬೇರು ಇನ್ನೂ ಹಿಂದಿದೆ. 1949ರಲ್ಲಿ ರೂಬೆನ್ ಹಿಲ್ ಎಂಬ ಸಮಾಜಶಾಸ್ತ್ರಜ್ಞ ಇದೇ ಅಯೋವಾದ 135 ಕುಟುಂಬಗಳ ಅಧ್ಯಯನ ಪ್ರಕಟಿಸಿದ್ದರು. ಎರಡನೇ ಮಹಾಯುದ್ಧಕ್ಕೆ ಗಂಡ ಹೋಗಿದ್ದ, ಆಮೇಲೆ ತಿರುಗಿ ಬಂದಿದ್ದ ಮನೆಗಳವು. ಬಂದ ಕಷ್ಟ, ಅದನ್ನು ತಡೆಯಲು ಮನೆಯಲ್ಲಿದ್ದ ಬಲ, ಆ ಕಷ್ಟಕ್ಕೆ ಮನೆಯವರು ಕೊಟ್ಟ ಅರ್ಥ, ಈ ಮೂರೂ ಸೇರಿಯೇ ಮನೆ ಕುಸಿಯುತ್ತದಾ ಇಲ್ಲವಾ ಅಂತ ನಿರ್ಧಾರವಾಗುತ್ತದೆ ಅಂದರು ಅವರು. ಹೊಲ ಕಳೆದುಕೊಂಡ ರೈತನ ವಿಷಯದಲ್ಲಿ ಈ ಮೂರನೆಯದು ಎಷ್ಟು ಭಾರ ನೋಡಿ. ನೂರು ವರ್ಷ ಒಂದೇ ಕುಟುಂಬದ ಕೈಯಲ್ಲಿರುವ ಹೊಲಗಳಿಗೆ ಅಯೋವಾದಲ್ಲಿ 1976ರಿಂದ ಗೌರವ ಕೊಡುತ್ತಾರೆ. ಅಂಥ ಹೊಲ ತನ್ನ ಕಾಲದಲ್ಲಿ ಹೋಯಿತು ಅಂದರೆ ‘ತಾತ ಮಾಡಿದ್ದನ್ನು ನಾನು ಕಳೆದೆ’ ಅಂತಲೇ ಅವನಿಗೆ ಅನ್ನಿಸುತ್ತದೆ. ಅದೇ ಮನುಷ್ಯನಿಗೆ ‘ಬಡ್ಡಿ ಏರಿತು, ಬೆಲೆ ಬಿತ್ತು, ನಮ್ಮಂಥ ಸಾವಿರಾರು ಜನ ಸಿಕ್ಕಿಹಾಕಿಕೊಂಡೆವು’ ಅಂತ ಹೆಂಡತಿಯೋ ನೆರೆಯವರೋ ಹೇಳಿ ಅದು ಮನಸ್ಸಿಗೆ ಇಳಿದರೆ, ಸಾಲ ಒಂದು ಡಾಲರೂ ಕಡಿಮೆಯಾಗಲ್ಲ. ಆದರೆ ಅವನು ಮನೆಗೆ ಬರುವ ರೀತಿ ಬದಲಾಗುತ್ತದೆ.

ಅನುಮಾನಗಳು

ಇದನ್ನು ಓದುವಾಗ ಕೆಲವು ಪ್ರಶ್ನೆ ಏಳಲೇಬೇಕು. ಈ 451 ಮನೆಗಳ ಜನ ಬಿಳಿಯರು, ಹಳ್ಳಿಯವರು, ಗಂಡ-ಹೆಂಡತಿ ಜೊತೆಗಿದ್ದವರು. ಬೇರೆಯವರಿಗೂ ಇದು ಹೊಂದುತ್ತದಾ? ಅಯೋವಾ ಮತ್ತು ಜಾರ್ಜಿಯಾದ ಕಪ್ಪು ಕುಟುಂಬಗಳಲ್ಲಿ ಕಾಂಗರ್ ಮತ್ತು ಜೊತೆಗಾರರು 2002ರಲ್ಲಿ ಇದೇ ಸರಪಳಿಯನ್ನು ಕಂಡರು. 1990ರ ದಶಕದ ಆರ್ಥಿಕ ಕುಸಿತದಲ್ಲಿದ್ದ ಫಿನ್ಲೆಂಡಿನ ಕುಟುಂಬಗಳಲ್ಲೂ ಕಂಡಿತು. ಸರ್ಕಾರದ ನೆರವು ಚೆನ್ನಾಗಿರುವ ದೇಶದಲ್ಲೂ ಹೀಗಾಯಿತು ಅನ್ನೋದು ಗಮನಿಸಬೇಕಾದ್ದು.

ಇನ್ನೊಂದು ಪ್ರಶ್ನೆ ಇನ್ನೂ ಗಡುಸು. ಸಿಡುಕಿನ ಸ್ವಭಾವದವರೇ ಸಾಲಕ್ಕೆ ಸಿಕ್ಕಿ, ಅದೇ ಸ್ವಭಾವ ಮಕ್ಕಳಿಗೂ ಬಂದಿರಬಹುದಲ್ಲ? ದುಡ್ಡೇ ಕಾರಣ ಅಂತ ಹೇಗೆ ಹೇಳೋದು? ಇದಕ್ಕೆ ಉತ್ತರ ನಾರ್ತ್ ಕ್ಯಾರೊಲಿನಾದಿಂದ ಬಂತು. ಅಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಜೇನ್ ಕಾಸ್ಟೆಲ್ಲೊ ತಂಡ 1993ರಿಂದ 1,420 ಮಕ್ಕಳನ್ನು ಗಮನಿಸುತ್ತಿತ್ತು. ಅವರಲ್ಲಿ ಸುಮಾರು ಕಾಲುಭಾಗ ಮೂಲನಿವಾಸಿ ಚೆರೋಕಿ ಮಕ್ಕಳು. ಮಧ್ಯದಲ್ಲಿ, 1997ರಲ್ಲಿ, ಚೆರೋಕಿ ಸಮುದಾಯ ತನ್ನ ಜಾಗದಲ್ಲಿ ಕ್ಯಾಸಿನೊ ತೆರೆಯಿತು. ಲಾಭದ ಪಾಲು ಸಮುದಾಯದ ಪ್ರತಿಯೊಬ್ಬರಿಗೂ ಸಿಗತೊಡಗಿತು. ಸಿಡುಕರಿಗೂ ಸಿಕ್ಕಿತು, ಶಾಂತರಿಗೂ ಸಿಕ್ಕಿತು. 2003ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಆ ಹಣದಿಂದ ಬಡತನ ದಾಟಿದ ಮನೆಗಳ ಮಕ್ಕಳಲ್ಲಿ ಹಟ, ಪುಂಡಾಟ ಗಮನಾರ್ಹವಾಗಿ ಇಳಿಯಿತು. ಆತಂಕ, ಖಿನ್ನತೆ ಮಾತ್ರ ಅಷ್ಟಾಗಿ ಬದಲಾಗಲಿಲ್ಲ. ಯಾಕೆ ಇಳಿಯಿತು ಅಂತ ಹುಡುಕಿದರೆ ಮುಖ್ಯವಾಗಿ ಸಿಕ್ಕಿದ್ದು ಅಪ್ಪ-ಅಮ್ಮನಿಗೆ ಮಕ್ಕಳ ಕಡೆ ನಿಗಾ ಇಡಲು ಪುರಸೊತ್ತು ಸಿಕ್ಕಿದ್ದು. ಅಪ್ಪ-ಅಮ್ಮನಿಗೆ ಯಾರೂ ಪಾಠ ಮಾಡಿರಲಿಲ್ಲ. ದುಡ್ಡಿನ ಬಿಗಿ ಸಡಿಲವಾಯಿತು, ಅಷ್ಟೇ.

ಅದಕ್ಕೇ ಬಡ ಮನೆಗಳಿಗೆ ಬರೀ ಉಪದೇಶ ಕೊಡುವ ಕಾರ್ಯಕ್ರಮ ಕಂಡರೆ ನನಗೆ ಬೇಸರ. ಆದರೆ ದುಡ್ಡು ತಕ್ಷಣ ಬರದ ಕಡೆ ಏನೂ ಮಾಡೋಕಾಗಲ್ಲ ಅಂತಲೂ ಅಲ್ಲ.

ಏಳು ಸಂಜೆ

ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲೇ ವರ್ಜೀನಿಯಾ ಮೊಲ್ಗಾರ್ಡ್, ರಿಚರ್ಡ್ ಸ್ಪಾತ್ ಮತ್ತಿತರರು 1990ರ ದಶಕದಲ್ಲಿ ಒಂದು ಕಾರ್ಯಕ್ರಮ ರೂಪಿಸಿದರು. ಯೂಟಾದ ಕ್ಯಾರಲ್ ಕುಂಪ್‌ಫರ್ ಮಾಡಿದ್ದ ಹಳೆಯ ಕಾರ್ಯಕ್ರಮ ಅದಕ್ಕೆ ಮೂಲ. ವಾರಕ್ಕೊಂದು ಸಂಜೆ, ಎರಡು ಗಂಟೆ, ಒಟ್ಟು ಏಳು ವಾರ. ಮೊದಲ ಗಂಟೆ ಅಪ್ಪ-ಅಮ್ಮಂದಿರು ಒಂದು ಕೋಣೆಯಲ್ಲಿ, ಮಕ್ಕಳು ಇನ್ನೊಂದರಲ್ಲಿ. ಎರಡನೇ ಗಂಟೆ ಎಲ್ಲರೂ ಒಟ್ಟಿಗೆ. ದೊಡ್ಡವರಿಗೆ ಪ್ರೀತಿ ಮತ್ತು ಮಿತಿ ಎರಡನ್ನೂ ಒಟ್ಟಿಗೆ ಹಿಡಿಯುವ ಅಭ್ಯಾಸ. ಇದು ಬಾಮ್‌ರಿಂಡ್ ಹೇಳಿದ ಮೂರನೇ ರೀತಿಯೇ, ಮನೆಬಳಕೆಯ ಮಾತಿನಲ್ಲಿ. ಮಕ್ಕಳಿಗೆ ತಮ್ಮ ಒತ್ತಡ ನಿಭಾಯಿಸುವುದು ಮಾತ್ರ ಅಲ್ಲ, ಅಪ್ಪ-ಅಮ್ಮ ಏನೆಲ್ಲ ಮಾಡುತ್ತಿದ್ದಾರೆ ಅಂತ ಅರಿಯುವ ಒಂದು ಸಂಜೆಯೂ ಇತ್ತು. ಈ ಭಾಗ ಬಹಳ ಕಾರ್ಯಕ್ರಮಗಳಲ್ಲಿ ಇರೋದೇ ಇಲ್ಲ. ಅಯೋವಾದ 33 ಗ್ರಾಮೀಣ ಶಾಲೆಗಳಲ್ಲಿ, ಚೀಟಿ ಎತ್ತಿದ ಹಾಗೆ ಶಾಲೆಗಳನ್ನು ಹಂಚಿ ಇದನ್ನು ಪರೀಕ್ಷಿಸಿದರು. ಆರನೇ ಕ್ಲಾಸಿನಲ್ಲಿ ಇದರಲ್ಲಿ ಸೇರಿದ್ದವರ ಪೈಕಿ ನಾಲ್ಕು ವರ್ಷದ ನಂತರ ಕುಡಿತ, ಸಿಗರೇಟು ಶುರು ಮಾಡಿದವರು ಉಳಿದ ಶಾಲೆಗಳಿಗಿಂತ ಕಡಿಮೆ ಇದ್ದರು.

ಆಮೇಲಿನದು ಇನ್ನೂ ಕುತೂಹಲದ್ದು. ಮೊದಲು ಹೇಳಿದ 451 ಮನೆಗಳ ಆ ಏಳನೇ ಕ್ಲಾಸಿನ ಮಕ್ಕಳು ದೊಡ್ಡವರಾಗಿ ಅಪ್ಪ-ಅಮ್ಮ ಆದಾಗ ಸಂಶೋಧಕರು ಅವರನ್ನೂ ಗಮನಿಸಿದರು. ಒರಟುತನ ಕಂಡು ಬೆಳೆದವರು ತಮ್ಮ ಮಕ್ಕಳ ಮೇಲೂ ಒರಟಾಗುವ ಸಂಭವ ಹೆಚ್ಚು ಅನ್ನೋದು ಕಂಡಿತು. ಆದರೆ 2013ರಲ್ಲಿ ಕಾಂಗರ್ ತಂಡ ಇನ್ನೊಂದು ವಿಷಯ ಬರೆಯಿತು. ಅಕ್ಕರೆಯಿಂದ ನೋಡಿಕೊಳ್ಳುವ, ತಾಳ್ಮೆಯಿಂದ ಮಾತಾಡುವ ಸಂಗಾತಿ ಸಿಕ್ಕವರಲ್ಲಿ ಆ ಸರಪಳಿ ಕಡಿದುಹೋಗಿತ್ತು. ಅಪ್ಪ ತಮ್ಮ ಮೇಲೆ ಕೈ ಎತ್ತಿದ್ದರೂ ಇವರು ತಮ್ಮ ಮಕ್ಕಳ ಮೇಲೆ ಹಾಗಾಗಲಿಲ್ಲ. ಮೊದಲ ತಲೆಮಾರಿನಲ್ಲಿ ಒಡ್ಡು ಕಟ್ಟಿದ ಜಾಗ ಯಾವುದೋ, ಎರಡನೆಯದರಲ್ಲೂ ಅದೇ: ಗಂಡ-ಹೆಂಡತಿಯ ನಡುವೆ.

ನಮ್ಮ ಕಡೆ

2023ರ ಮುಂಗಾರು ಕೈಕೊಟ್ಟಾಗ ಕರ್ನಾಟಕ ಸರ್ಕಾರ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಅಂತ ಘೋಷಿಸಿತು. ಪರಿಹಾರದ ಲೆಕ್ಕ ಹೆಕ್ಟೇರಿನಲ್ಲಿ, ಮನೆಯೊಳಗಿನ ಸಂಕಟ ಆ ಲೆಕ್ಕಕ್ಕೆ ಬರಲ್ಲ. 2025ರ ಫೆಬ್ರವರಿಯಲ್ಲಿ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ಬಂತು. ವಸೂಲಿಗೆ ಬಂದವರು ಬಾಗಿಲಲ್ಲಿ ಕೂಗುವಾಗ ಒಳಗೆ ಮಕ್ಕಳು ಹೋಂವರ್ಕ್ ಬರೆಯುತ್ತಿರುತ್ತಾರೆ. ಕಾನೂನು ಆ ಕೂಗನ್ನು ನಿಲ್ಲಿಸಿದರೂ ಒಳಗಿನ ಮಾತುಕತೆ ಮನೆಯವರಿಗೇ ಬಿಟ್ಟಿದ್ದು.

ನಮ್ಮಲ್ಲಿ ಅಯೋವಾದಲ್ಲಿಲ್ಲದ ಒಂದು ತೊಡಕು ಇದೆ. ಎಷ್ಟೋ ಮನೆಗಳಲ್ಲಿ ಬೆಳೆಸಾಲ ಗಂಡನ ಹೆಸರಲ್ಲಿ, ಸಂಘದ ಸಾಲ ಹೆಂಡತಿಯ ಹೆಸರಲ್ಲಿ. ಅವನ ಕೈಸಾಲ ಇವಳಿಗೆ ಗೊತ್ತಿರಲ್ಲ. ಇವಳು ಒಡವೆ ಅಡವಿಟ್ಟು ವಾರದ ಕಂತು ಕಟ್ಟಿದ್ದು ಅವನಿಗೆ ಗೊತ್ತಿರಲ್ಲ. ಇಬ್ಬರೂ ಒಂದೇ ಮನೆಯ ಅರ್ಧರ್ಧ ಲೆಕ್ಕ ಹಿಡಿದು ಒಬ್ಬರನ್ನೊಬ್ಬರು ಬೈಯುತ್ತಾರೆ. ‘ಈ ಕಂತಿಗೆ ಏನು ಮಾಡೋಣ’ ಅನ್ನುವ ಮಾತಿಗೆ ಬರಬೇಕಾದರೆ ಮೊದಲು ಎಲ್ಲ ಸಾಲವೂ ಒಂದೇ ಪುಸ್ತಕದಲ್ಲಿ ಇಬ್ಬರಿಗೂ ಕಾಣಬೇಕು. ಕೃಷಿ ಇಲಾಖೆಯವರು, ಸಂಘದವರು, ಆಶಾ ಕಾರ್ಯಕರ್ತೆಯರು ಮನೆಗೆ ಹೋದಾಗ ಗಂಡ-ಹೆಂಡತಿ ಇಬ್ಬರನ್ನೂ ಕೂರಿಸಿ ಮಾತಾಡಿಸಿದರೆ ಎಷ್ಟು ಚೆನ್ನಾಗಿರುತ್ತದೆ! ಅದಕ್ಕೆ ಹೊಸ ಬಜೆಟ್ಟೇನೂ ಬೇಕಿಲ್ಲ. ಮನೆಯಲ್ಲಿ ಅಜ್ಜಿ-ತಾತ ಇದ್ದರೆ ಅವರನ್ನೂ ಸೇರಿಸಿಕೊಳ್ಳಬಹುದು. ಮಕ್ಕಳಿಗೆ ಸಾಲದ ಮೊತ್ತ ಹೇಳಬೇಕಿಲ್ಲ. ‘ಈ ವರ್ಷ ಕಷ್ಟ ಇದೆ, ನಾವಿಬ್ಬರೂ ನೋಡಿಕೊಳ್ತಿದ್ದೀವಿ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ’ ಅಂತ ಹೇಳಿದರೆ ಸಾಕು.

1985ರಲ್ಲಿ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗ ರೈತ ಕುಟುಂಬಗಳಿಗಾಗಿ ಒಂದು ಫೋನ್ ಸಹಾಯವಾಣಿ ಶುರು ಮಾಡಿತು. ಸಾಲ, ಕಾನೂನು, ಮನಸ್ಸಿನ ಸಂಕಟ, ಯಾವುದಕ್ಕೂ ಅಲ್ಲಿಗೆ ಫೋನ್ ಮಾಡಬಹುದಿತ್ತು. ಬಿಕ್ಕಟ್ಟು ಮುಗಿದರೂ ಅದನ್ನು ಮುಚ್ಚಲಿಲ್ಲ. ನಮ್ಮಲ್ಲಿ 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಇದೆ. ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ನಂಬರು 14416. ಹಗಲು-ರಾತ್ರಿ ಯಾವ ಹೊತ್ತಿಗಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಗಂಡ ಫೋನ್ ಮಾಡದಿದ್ದರೆ ಹೆಂಡತಿ ಮಾಡಬಹುದು.